ಫಟ್ ಎಂದಿತು ಹಸಿ ಮರ!

ರಾತ್ರಿ ಎರಡು ಗಂಟೆಯ ಹೊತ್ತು. ಮನೆಯ ಹಿಂಬದಿಯಿಂದ ‘ಫಟ್’ ಎಂಬ ಸದ್ದು ಬಂತು, ದೀಪಾವಳಿಯ ಲಕ್ಷ್ಮಿ ಪಟಾಕಿ ಹೊಡೆದ ಹಾಗೆ. ನನ್ನಾಕೆ ಎದ್ದು ಕುಳಿತು, “ಏನ್ರೀ ಅದು? ಹೊಸ ಕೋಣೆ ಬಿತ್ತಾ?” ಎಂದಳು.

ಟಾರ್ಚ್ ಹಿಡಿದು ಮೆಟ್ಟಿಲಿಳಿದೆ. ಹೊಸ ಕೋಣೆ ಬಿದ್ದಿರಲಿಲ್ಲ. ಆದರೆ ತಲೆಯ ಮೇಲೆ ಅಡ್ಡಕ್ಕೆ ಮಲಗಿದ್ದ ದೊಡ್ಡ ತೊಲೆಯಲ್ಲಿ, ಸಂಜೆ ಇಲ್ಲದ ಒಂದು ಬಿರುಕು ಕಾಣಿಸಿತು. ಒಂದು ಮೊಳ ಉದ್ದ. ಸ್ಟೂಲ್ ಹತ್ತಿ ಮುಟ್ಟಿ ನೋಡಿದೆ, ಹೆಬ್ಬೆರಳಿನ ಉಗುರು ಒಳಗೆ ಹೋಯಿತು. ಹೆಂಚು ಹೊದಿಸಿ ಹದಿನೈದು ದಿನವೂ ಆಗಿರಲಿಲ್ಲ. ಮಗಳು ಅಳಿಯ ಸಾಲ ಮಾಡಿ ಕಟ್ಟಿಸುತ್ತಿದ್ದ ಕೋಣೆ. ಅದೂ ನಮಗಾಗಿ. ಬೆಳಗಾಗುವ ತನಕ ನನಗೆ ನಿದ್ದೆ ಬರಲಿಲ್ಲ.

ಇದು ನಡೆದದ್ದು ನಮ್ಮ ಸಾಗರದಲ್ಲಲ್ಲ, ಇಂಗ್ಲೆಂಡಿನ ವುಸ್ಟರ್‌ಶೈರ್ ಎಂಬ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮಗಳ ಸಂಸಾರ ಅಲ್ಲಿದೆ. ವೀಸಾ ಕೊಡುವ 6 ತಿಂಗಳ ಅವಧಿಗೆಂದು ನಾವಿಬ್ಬರೂ ಹೋಗಿದ್ದೆವು. ಅಲ್ಲಿಯ ಮನೆಗಳಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ನನ್ನಾಕೆಯ ಮಂಡಿಗೆ ಆ ಮೆಟ್ಟಿಲು ಎಂದರೆ ದಿನಕ್ಕೆ ನಾಲ್ಕು ಸಲ ಬೆಟ್ಟ ಹತ್ತಿದ ಹಾಗೆ. “ಕೆಳಗೇ ಒಂದು ಕೋಣೆ ಕಟ್ಟಿಸ್ತೀವಿ, ಆಮೇಲೆ ಪ್ರತಿ ವರ್ಷ ಬರಬೇಕು” ಎಂದಳು ಮಗಳು. ಅಳಿಯನಿಗೆ ಇಟ್ಟಿಗೆ ಮತ್ತು ಉಕ್ಕು ಸಾಕಾಗಿತ್ತು. ಮಗಳು ಮಾತ್ರ ಓಕ್ ಮರದ್ದೇ ಆಗಬೇಕೆಂದು ಹಟ ಹಿಡಿದಳು. “ಅಪ್ಪಯ್ಯ, ನಮ್ಮನೆ ಜಗಲಿ ಥರ ಇರುತ್ತೆ” ಎಂದು ನನ್ನನ್ನು ತನ್ನ ಪಕ್ಷಕ್ಕೆ ಎಳೆದುಕೊಂಡಳು. ಆ ಮಾತು ನನಗೆ ಚುಚ್ಚಿತು. ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಎಲುಬು, ಆಮೇಲೆ ಗೋಡೆ

ಆ ಜಿಲ್ಲೆಯ ಹಳ್ಳಿಗಳಲ್ಲಿ ಅಡ್ಡಾಡಿದರೆ ಕಪ್ಪು ಪಟ್ಟಿ, ಬಿಳಿ ಗೋಡೆಯ ಹಳೆಯ ಮನೆಗಳು ಸಾಲಾಗಿ ಕಾಣುತ್ತವೆ. ಆ ಕಪ್ಪು ಪಟ್ಟಿಗಳು ಅಲಂಕಾರಕ್ಕೆ ಬಳಿದ ಗೆರೆಗಳಲ್ಲ. ಅವು ಓಕ್ ಮರದ ಕಂಬ ಮತ್ತು ತೊಲೆಗಳು. ಮನೆಯ ಭಾರವನ್ನೆಲ್ಲ ಹೊರುವುದು ಆ ಮರದ ಚೌಕಟ್ಟೇ. ಗೋಡೆ ಬರೀ ಗಾಳಿ ಮಳೆ ತಡೆಯುವ ಪರದೆ. ಬಣ್ಣ ಬಳಿಯದೆ ಬಿಟ್ಟರೆ ಓಕ್ ಬಿಸಿಲು ಮಳೆಗೆ ಬೂದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಬಳಿಯುವುದು ಹೆಚ್ಚಾಗಿ 19ನೇ ಶತಮಾನದಲ್ಲಿ ಬಂದ ಷೋಕಿ.

ಆ ಪರದೆಯಂಥ ಗೋಡೆ ಹೇಗೆ ಮಾಡುತ್ತಿದ್ದರು ಗೊತ್ತೆ? ಕಂಬಗಳ ನಡುವೆ ಕಡ್ಡಿಗಳನ್ನು ಬುಟ್ಟಿಯಂತೆ ಹೆಣೆದು, ಅದರ ಮೇಲೆ ಜೇಡಿಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತುತ್ತಿದ್ದರು. ಇದನ್ನು ಕೇಳಿ ಹತ್ತು ವರ್ಷದ ನನ್ನ ಮೊಮ್ಮಗ ಮೂಗು ಮುಚ್ಚಿಕೊಂಡ. “ಅಜ್ಜಿ ಹುಟ್ಟಿದ ಮನೆಯ ತಡಿಕೆ ಗೋಡೆಯೂ ಹಾಗೇ ಇತ್ತು ಕಣೋ” ಎಂದೆ. ಸಾವಿರಾರು ಮೈಲಿ ದೂರದ ಎರಡು ಊರುಗಳ ಜನ, ಒಬ್ಬರನ್ನೊಬ್ಬರು ನೋಡದೆಯೇ, ಒಂದೇ ಗೋಡೆ ಕಟ್ಟಿದ್ದರು!

ಈಗ ಸೆಗಣಿಯ ಜಾಗಕ್ಕೆ ಚಳಿ ತಡೆಯುವ ದಪ್ಪ ಹಲಗೆಗಳು ಬಂದಿವೆ. ಅವನ್ನು ಮರದ ಚೌಕಟ್ಟಿನ ಹೊರಮೈಗೆ ಹೊದಿಸುತ್ತಾರೆ. ಹೀಗೆ ಮಾಡಿದರೆ ಒಳಗೆ ಕುಳಿತವರಿಗೆ ಮರವೂ ಕಾಣುತ್ತದೆ, ಸಂದಿನಲ್ಲಿ ಗಾಳಿಯೂ ನುಸುಳುವುದಿಲ್ಲ.

ಅಪ್ಪಣೆಯ ವಿಚಾರವನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಒಂಟಿ ಮನೆಯ ಹಿಂದೆ 4 ಮೀಟರ್ ತನಕ ಒಂದಂತಸ್ತಿನ ಕೋಣೆ ಚಾಚಿಕೊಳ್ಳಲು ಸಾಮಾನ್ಯವಾಗಿ ಪ್ರತ್ಯೇಕ ಯೋಜನಾ ಅನುಮತಿ ಬೇಡ. ಪಾರಂಪರಿಕ ಪಟ್ಟಿಗೆ ಸೇರಿದ ಮನೆಯಾದರೆ ಮಾತ್ರ ಕಿಟಕಿ ಬದಲಿಸಲೂ ಕೇಳಬೇಕು. ನಮ್ಮದು ಆ ಪಟ್ಟಿಯಲ್ಲಿರಲಿಲ್ಲ. ಹಾಗಿದ್ದರೂ ಪಾಯ ತೋಡಿದ ಮೇಲೆ ತಪಾಸಣೆಯವರು ಬಂದು ನೋಡಿ ಹೂಂ ಎನ್ನುವ ತನಕ ಕಾಂಕ್ರೀಟ್ ಸುರಿಯಲಿಲ್ಲ.

ಹಸಿ ಮರವೇ ಏಕೆ?

ಕೋಣೆಯ ಚೌಕಟ್ಟು ತಯಾರಾದದ್ದು ಅಲ್ಲಿಂದ ಹತ್ತು ಮೈಲಿ ದೂರದ ಒಂದು ಕೊಟ್ಟಿಗೆಯಲ್ಲಿ. ಅರವತ್ತರ ಆಸುಪಾಸಿನ ಒಬ್ಬ ಬಡಗಿ, ಕೈಕೆಳಗೆ ಕೆಲಸ ಕಲಿಯುವ ಒಬ್ಬ ಹುಡುಗ, ಒಬ್ಬ ಹುಡುಗಿ. ನಮ್ಮೂರಿನ ರೂಢಿಯಂತೆ ನಾನು ಅವರನ್ನು ಆಚಾರ್ರು ಎಂದೇ ಕರೆಯುತ್ತೇನೆ. ಶನಿವಾರಗಳಲ್ಲಿ ಮೊಮ್ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಮೂವತ್ತನಾಲ್ಕು ವರ್ಷ ಮೇಷ್ಟರಾಗಿದ್ದವನಿಗೆ ಪ್ರಶ್ನೆ ಕೇಳುವ ಚಟ ಬಿಡುವುದಿಲ್ಲ.

“ಈ ಮರ ಒದ್ದೆಯಿದೆಯಲ್ಲ! ಒಣಗಿಸಿದ ಮೇಲಲ್ಲವೆ ಕೆಲಸಕ್ಕೆ ತೆಗೆದುಕೊಳ್ಳುವುದು?” ಇದು ನನ್ನ ಮೊದಲ ಪ್ರಶ್ನೆ.

ಆಚಾರ್ರು ವಿವರಿಸಿದರು. ಮೇಜು ಕುರ್ಚಿಗಾದರೆ ಒಣ ಮರವೇ ಬೇಕು. ಮನೆಯ ಚೌಕಟ್ಟಿಗೆ ಸಾವಿರ ವರ್ಷದಿಂದ ಹಸಿ ಓಕ್ ಬಳಸುತ್ತಿದ್ದಾರೆ. ಹಸಿಯಾಗಿದ್ದಾಗ ಓಕ್ ಉಳಿಗೆ ಸುಲಭವಾಗಿ ಬಗ್ಗುತ್ತದೆ. ಒಣಗಿದ ಮೇಲೆ ಅದು ಎಷ್ಟು ಗಟ್ಟಿಯೆಂದರೆ ಉಳಿಯ ಬಾಯಿಯೇ ಮುರಿಯಬಹುದು. ಅಂಗುಲ ದಪ್ಪ ಒಣಗಲು ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ. ಎಂಟು ಅಂಗುಲದ ತೊಲೆಗೆ ಎಂಟು ವರ್ಷ. ಅಷ್ಟು ವರ್ಷ ಯಾವ ಮನೆಯವರು ಕಾಯುತ್ತಾರೆ? ಅದಕ್ಕೇ ಹಸಿಯಿದ್ದಾಗಲೇ ಕೊರೆದು, ಜೋಡಿಸಿ, ನಿಲ್ಲಿಸಿಬಿಡುತ್ತಾರೆ. ಒಣಗುವ ಕೆಲಸವನ್ನು ಮರ ನಿಂತಲ್ಲೇ ನಿಧಾನವಾಗಿ ಮಾಡಿಕೊಳ್ಳುತ್ತದೆ.

ಹಸಿ ಓಕ್ ಬಲು ಭಾರ. ಒಂದು ಘನ ಮೀಟರ್ ಮರ ಸುಮಾರು ಒಂದು ಟನ್ ತೂಗುತ್ತದೆ. ಅದರ ಹೊರಗಿನ ಬಿಳಿ ಭಾಗವನ್ನು ಹುಳು ತಿನ್ನುತ್ತದೆ. ಒಳಗಿನ ಚೇಗು ಮಾತ್ರ ಟ್ಯಾನಿನ್ ಎಂಬ ಒಗರು ವಸ್ತುವಿನಿಂದ ತುಂಬಿದ್ದು, ಹುಳುವಿಗೂ ಕೊಳೆತಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ.

ಮೊಳೆ ಬೇಡ, ಗೂಟ ಸಾಕು

ಆ ಒಗರಿನದೇ ಇನ್ನೊಂದು ಆಟವನ್ನು ಕಲಿಯುವ ಹುಡುಗಿ ತೋರಿಸಿದಳು. ಕಬ್ಬಿಣದ ಮೊಳೆಯೊಂದನ್ನು ಒದ್ದೆ ಓಕಿನ ಚೂರಿನ ಮೇಲಿಟ್ಟು, “ಮುಂದಿನ ವಾರ ನೋಡು” ಎಂದು ಮೊಮ್ಮಗನಿಗೆ ಹೇಳಿದಳು. ಮುಂದಿನ ವಾರ ಮೊಳೆಯ ಸುತ್ತ ಮಸಿ ಚೆಲ್ಲಿದಂಥ ಕಪ್ಪು ಕಲೆ! ಟ್ಯಾನಿನ್ನೂ ಕಬ್ಬಿಣವೂ ಸೇರಿದರೆ ಕಪ್ಪಾಗುತ್ತದೆ. ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಲವಣ ಸೇರಿಸಿ ನೂರಾರು ವರ್ಷ ಬರೆಯುವ ಮಸಿ ಮಾಡಿದ್ದು ಹೀಗೆಯೇ. ನಮ್ಮ ಹಿರಿಯರು ಅದೇ ಕೆಲಸಕ್ಕೆ ಅಳಲೆಕಾಯಿಯನ್ನು ಹಿಡಿದರು. ಮರಕ್ಕೆ ಕಲೆ ಬೀಳುವುದಲ್ಲದೆ ಮೊಳೆಯೂ ತುಕ್ಕು ಹಿಡಿದು ಸವೆಯುತ್ತದೆ. ಹಾಗಾಗಿ ಓಕ್ ಚೌಕಟ್ಟಿಗೆ ಸಾಧಾರಣ ಕಬ್ಬಿಣದ ಮೊಳೆ ದೂರ.

ಹಾಗಾದರೆ ಹಿಡಿದಿಡುವುದು ಏನು? ಒಂದು ಮರದಲ್ಲಿ ಚೌಕವಾದ ಗುಳಿ. ಇನ್ನೊಂದರ ತುದಿಯಲ್ಲಿ ಆ ಗುಳಿಗೆ ಸರಿಯಾಗಿ ಕೂರುವ ನಾಲಗೆ. ಎರಡನ್ನೂ ಕೂಡಿಸಿ, ಅಡ್ಡಲಾಗಿ ತೂತು ಕೊರೆದು, ಓಕಿನದೇ ಗೂಟ ಬಡಿಯುತ್ತಾರೆ.

ಇದರಲ್ಲಿ ಎರಡು ಜಾಣತನಗಳಿವೆ. ಮೊದಲನೆಯದು, ಗುಳಿಯ ತೂತಿಗೂ ನಾಲಗೆಯ ತೂತಿಗೂ ಬೇಕೆಂತಲೇ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇಡುತ್ತಾರೆ. ಚೂಪು ತುದಿಯ ಗೂಟ ಆ ಸೊಟ್ಟ ದಾರಿಯಲ್ಲಿ ನುಗ್ಗುವಾಗ ನಾಲಗೆಯನ್ನು ಗುಳಿಯೊಳಕ್ಕೆ ಎಳೆದು ಬಿಗಿಯುತ್ತದೆ. ಎರಡನೆಯದು, ಚೌಕಟ್ಟು ಹಸಿ, ಆದರೆ ಗೂಟ ಒಣಗಿದ್ದು. ಮುಂದೆ ಚೌಕಟ್ಟು ಒಣಗಿ ಕುಗ್ಗಿದಾಗ ಆಗಲೇ ಒಣಗಿದ ಗೂಟ ಕುಗ್ಗುವುದಿಲ್ಲ. ಮರ ಅದನ್ನು ಇನ್ನಷ್ಟು ಅಪ್ಪಿ ಹಿಡಿಯುತ್ತದೆ.

ಸಿದ್ಧವಾದ ಮರಗಳ ಮೇಲೆ ಉಳಿಯಿಂದ ಗೆರೆ ಕೊರೆದಿದ್ದರು: ಒಂದು, ಎರಡು, ಮೂರು, ನಾಲ್ಕು. ಯಾವ ಕಂಬಕ್ಕೆ ಯಾವ ತೊಲೆ ಎಂಬ ಗುರುತು ಅದು. ಪ್ರತಿ ಸಂದನ್ನೂ ಅದರ ಜೋಡಿಗಷ್ಟೇ ಹೊಂದುವಂತೆ ಕೊರೆಯುವುದರಿಂದ, ಮೂರರ ನಾಲಗೆ ಎರಡರ ಗುಳಿಗೆ ಕೂರುವುದಿಲ್ಲ. “ಅಜ್ಜ, ತಪ್ಪು! ರೋಮನ್ ಅಂಕಿಯಲ್ಲಿ ನಾಲ್ಕಕ್ಕೆ ನಾಲ್ಕು ಗೆರೆ ಬರೆಯೋದಿಲ್ಲ” ಎಂದು ಮೊಮ್ಮಗ ಕೂಗಿದ. ಆಚಾರ್ರು ನಕ್ಕರು. ಬಡಗಿಗಳ ಲೆಕ್ಕವೇ ಹಾಗಂತೆ. ಐದರಿಂದ ಒಂದು ಕಳೆ ಎಂಬ ಬರಹವನ್ನು ತಲೆಕೆಳಗೆ ನೋಡಿದರೆ ಆರೆಂದು ಓದುವ ಅಪಾಯ ಇದೆ. ನಾಲ್ಕು ಗೆರೆಯನ್ನು ಯಾವ ಕಡೆಯಿಂದ ನೋಡಿದರೂ ನಾಲ್ಕೇ.

ನಿಲ್ಲಿಸಿದ ದಿನ

ಜೂನ್ ತಿಂಗಳ ಒಂದು ಬೆಳಿಗ್ಗೆ ಲಾರಿ ಬಂತು. ಕಂಬಗಳನ್ನು ಇಟ್ಟಿಗೆಯ ತಳಪಾಯದ ಮೇಲೆ, ನೆಲದ ತೇವ ತಾಗದ ಹಾಗೆ ಕೂರಿಸಿದರು. ತೂಕದಗುಂಡು ಬಿಟ್ಟು ನೇರ ನೋಡಿದರು. ದೊಡ್ಡ ತೊಲೆಯನ್ನು ರಾಟೆ ಹಗ್ಗದಲ್ಲಿ ಎತ್ತಿ, ಕಲಿಯುವ ಹುಡುಗ ಮೇಲಿನಿಂದ ಸನ್ನೆ ಮಾಡುತ್ತ, ಇಂಚಿಂಚೇ ಇಳಿಸಿದರು. ಕೊಡತಿ ಪೆಟ್ಟು ಬಿದ್ದಂತೆ ನಾಲಗೆಗಳು ಗುಳಿ ಸೇರಿದವು. ಬೆಳಿಗ್ಗೆ ಬಯಲಾಗಿದ್ದ ಜಾಗದಲ್ಲಿ ಸಂಜೆಗೆ ಒಂದು ಕೋಣೆಯ ಎಲುಬಿನ ಗೂಡು ನಿಂತಿತ್ತು. ಕೊನೆಗೆ ಹುಡುಗಿ ಹತ್ತಿ, ಎತ್ತರದ ತುದಿಗೆ ಹಸಿರು ಎಲೆಯ ಒಂದು ರೆಂಬೆ ಕಟ್ಟಿದಳು. ಅದು ಅಲ್ಲಿಯ ಹಳೆಯ ಪದ್ಧತಿ. ನನ್ನಾಕೆ ಸುಮ್ಮನಿರಲಿಲ್ಲ. ನಮ್ಮಲ್ಲಿ ಬಾಗಿಲು ನಿಲ್ಲಿಸಿದ ದಿನ ಮಾಡುವಂತೆ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಎಲ್ಲರ ಕೈಗೂ ಬೆಲ್ಲ ಕೊಟ್ಟಳು. ಆಚಾರ್ರು ಟೊಪ್ಪಿಗೆ ತೆಗೆದು ಬೆಲ್ಲ ತಿಂದರು.

ಇಷ್ಟೆಲ್ಲ ಆದ ಮೇಲೆ ಜುಲೈಯಲ್ಲಿ ಆ ‘ಫಟ್’!

ಬಿರುಕಿನ ಪಾಠ

ಮರುದಿನ ಫೋನ್ ಮಾಡಿದ ತಕ್ಷಣ ಆಚಾರ್ರು ಬಂದರು. ಬಿರುಕನ್ನು ನೋಡಿದರು. ಸಂದಿನ ಹತ್ತಿರ ಏನಾದರೂ ಆಗಿದೆಯೇ ಎಂದು ಕೈಯಾಡಿಸಿ ನೋಡಿದರು. ಆಮೇಲೆ ನೆಲದಲ್ಲಿ ಕುಳಿತು ಮೊಮ್ಮಗನ ಪುಸ್ತಕದಲ್ಲಿ ಒಂದು ಚಿತ್ರ ಬರೆದರು. ಮಕ್ಕಳೇ, ನೀವೂ ಗಮನವಿಟ್ಟು ಕೇಳಿ.

ಮರವನ್ನು ಅಡ್ಡ ಕೊಯ್ದರೆ ವರ್ಷವರ್ಷದ ಬಳೆಗಳು ಕಾಣುತ್ತವೆ. ಒಣಗುವಾಗ ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ನಡುವಿನಿಂದ ಹೊರಕ್ಕೆ ಸ್ವಲ್ಪ ಕುಗ್ಗುತ್ತದೆ. ಬಳೆಯ ಸುತ್ತಳತೆಯಲ್ಲಿ ಅದರ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಸುತ್ತ ಹೆಚ್ಚು ಕುಗ್ಗಬೇಕು, ನಡು ಅಷ್ಟು ಬಿಟ್ಟುಕೊಡುವುದಿಲ್ಲ. ಈ ಜಗ್ಗಾಟದಲ್ಲಿ ಹೊರಮೈ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಹೊರಗಿನಿಂದ ನಡುವಿನ ಕಡೆಗೆ, ಮರದ ಎಳೆಯ ಉದ್ದಕ್ಕೆ ಬಿಡುವ ಇಂಥ ಬಿರುಕಿನಿಂದ ತೊಲೆಯ ಬಲ ಸಾಮಾನ್ಯವಾಗಿ ಕುಂದುವುದಿಲ್ಲ. ಎಳೆಗಳು ತುಂಡಾಗಿಲ್ಲ, ಅಕ್ಕಪಕ್ಕಕ್ಕೆ ಸರಿದಿವೆ ಅಷ್ಟೆ. ಎಳೆಗೆ ಅಡ್ಡಲಾಗಿ ಬಿಟ್ಟ ಬಿರುಕು ಅಥವಾ ಗೂಟದ ತೂತಿನ ಮೂಲಕ ಸಂದನ್ನೇ ಸೀಳಿದ ಬಿರುಕಾದರೆ ಮಾತ್ರ ಬಲ್ಲವರನ್ನು ಕರೆಯಬೇಕು.

ಮೊಮ್ಮಗ ಅವರಿಂದ ಹಸಿ ರೆಂಬೆಯ ಒಂದು ಬಿಲ್ಲೆ ಕೊಯ್ಯಿಸಿಕೊಂಡು ಕಿಟಕಿಯ ಬಳಿ ಇಟ್ಟ. ಕೆಲವು ದಿನದಲ್ಲಿ ಅದು ಅಂಚಿನಿಂದ ನಡುವಿನ ತನಕ, ಕೊಯ್ದ ಕೇಕಿನ ಹಾಗೆ ಬಾಯಿ ಬಿಟ್ಟಿತು. ನೀವೂ ಇದನ್ನು ಮಾಡಬಹುದು. ತೋಟದಲ್ಲಿ ಸವರಿದ ಹಸಿ ಕೊಂಬೆ ಸಿಕ್ಕರೆ ಅಜ್ಜನ ಹತ್ತಿರ ಬೆರಳು ದಪ್ಪದ ಬಿಲ್ಲೆ ಕೊಯ್ಯಿಸಿಕೊಳ್ಳಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ನೀರು ಎಷ್ಟು ಹೋಯಿತು, ಬಿರುಕು ಯಾವ ದಿನ ಬಂತು ಎಂಬುದು ನಿಮಗೇ ತಿಳಿಯುತ್ತದೆ.

ಆಗಸ್ಟ್‌ನಲ್ಲಿ ಆಚಾರ್ರ ಮಾತಿನಂತೆ ನಾವೆಲ್ಲ ಲೀ ಕೋರ್ಟ್ ಎಂಬಲ್ಲಿಯ ಹಳೆಯ ಕಣಜ ನೋಡಲು ಹೋದೆವು. ಅದೂ ಅದೇ ಜಿಲ್ಲೆಯಲ್ಲಿದೆ. 14ನೇ ಶತಮಾನದ ಕಟ್ಟಡ, 150 ಅಡಿಯಷ್ಟು ಉದ್ದ. ಬಾಗಿ ಬೆಳೆದ ಓಕ್ ಮರಗಳನ್ನೇ ಆರಿಸಿ, ಎರಡೆರಡನ್ನು ಎದುರುಬದುರು ನಿಲ್ಲಿಸಿ ಕಮಾನು ಮಾಡಿದ್ದಾರೆ. ದೋಣಿಯನ್ನು ಮಗುಚಿ ಹಾಕಿ ಅದರೊಳಗೆ ನಿಂತ ಹಾಗಾಗುತ್ತದೆ. ಹತ್ತಿರ ಹೋಗಿ ನೋಡಿದೆ. ಮರಗಳ ಮೈತುಂಬ ಬಿರುಕು! ಕೆಲವಕ್ಕೆ ನನ್ನ ಬೆರಳೇ ಹೋಯಿತು. ಆ ಬಿರುಕುಗಳನ್ನು ಹೊತ್ತುಕೊಂಡೇ ಅವು ಸುಮಾರು ಏಳುನೂರು ವರ್ಷ ಮಾಡನ್ನು ಹೊತ್ತಿವೆ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನ ಓಕ್ ಮಾಡು 1390ರ ದಶಕದ್ದು. ನಡುವೆ ಒಂದೂ ಕಂಬವಿಲ್ಲದೆ ಸುಮಾರು 20 ಮೀಟರ್ ಅಗಲವನ್ನು ದಾಟುತ್ತದೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಓಕ್ ಮಾಡು 2019ರ ಏಪ್ರಿಲ್‌ನಲ್ಲಿ ಸುಟ್ಟುಹೋದಾಗ, ಬಡಗಿಗಳು ಮತ್ತೆ ಹಸಿ ಓಕನ್ನೇ ತಂದು, ಕೊಡಲಿಯಿಂದ ಕೆತ್ತಿ, ಅದೇ ಹಳೆಯ ಕ್ರಮದಲ್ಲಿ ಹೊಸ ಮಾಡು ನಿಲ್ಲಿಸಿದರು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಆ ಕೈಗೆಲಸ ಅಷ್ಟರಲ್ಲಿ ಮರೆತುಹೋಗಿದ್ದರೆ ಅದು ಆಗುತ್ತಿರಲಿಲ್ಲ.

ನಮ್ಮ ಜಗಲಿಯ ಕಂಬಗಳು

ಕಣಜದಿಂದ ಹೊರಗೆ ಬಂದು ಹುಲ್ಲಿನ ಮೇಲೆ ಕುಳಿತೆ. ಮಗಳು ಬಂದು, “ಯಾಕಪ್ಪಯ್ಯ, ಸುಸ್ತಾಯ್ತಾ?” ಎಂದಳು. ಸುಸ್ತಲ್ಲ. 1996ರ ನೆನಪು.

ನಮ್ಮ ಅಜ್ಜ ಕಟ್ಟಿಸಿದ ಮನೆಯ ಜಗಲಿಗೆ ಹಲಸಿನ ಮರದ ಆರು ಕಂಬಗಳಿದ್ದವು. ಎಂಟಾಣೆ ನಾಣ್ಯ ತೂರಿಸುವಷ್ಟು ಬಿರುಕು ಬಿಟ್ಟಿದ್ದವು. ಚಿಕ್ಕವರಿದ್ದಾಗ ನಾವು ಅದರಲ್ಲಿ ನಿಜವಾಗಿಯೂ ನಾಣ್ಯ ಬಚ್ಚಿಡುತ್ತಿದ್ದೆವು. ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸುವಾಗ ನಾನು, “ಇವು ಒಡೆದಿವೆ, ಯಾವತ್ತು ಬೀಳುತ್ತೋ ಏನೋ” ಎಂದು ನಾಲ್ಕು ಕಂಬ ತೆಗೆಸಿ ಸಿಮೆಂಟಿನದು ಹಾಕಿಸಿದೆ. ನಮ್ಮೂರಿನ ಹಿರಿಯ ಆಚಾರ್ರು, “ಮಾಸ್ಟ್ರೇ, ಬಿರುಕು ಮರದ ಹುಟ್ಟುಗುಣ. ಒಂದ್ಸಲ ಬಡಿದು ನೋಡಿ” ಎಂದರು. ನಾನು ಬಡಿದು ನೋಡಲಿಲ್ಲ. ವಿಜ್ಞಾನ ಪಾಠ ಮಾಡುವ ನನಗೆ ಇವರೇನು ಹೇಳಿಯಾರು ಎಂಬ ಗರ್ವ. ಕೊಳ್ಳಲು ಬಂದ ವ್ಯಾಪಾರಿ “ಒಡಕು ಮಾಲು” ಎಂದು ಸೌದೆಯ ರೇಟು ಕೊಟ್ಟು ಲಾರಿಗೆ ಹಾಕಿಕೊಂಡು ಹೋದ. ‘ನಮ್ಮನೆ ಜಗಲಿ ಥರ’ ಎಂದು ಮಗಳು ಅಂದಾಗ ನನಗೆ ಚುಚ್ಚಿದ್ದು ಇದೇ.

ಉಳಿದದ್ದು ಎರಡು ಕಂಬ. ಮನೆಯಲ್ಲಿರುವ ತಮ್ಮ ದೀಪಾವಳಿ ಕಳೆದ ಮೇಲೆ ಅವನ್ನೂ ಬದಲಿಸುವವನಿದ್ದ. ಆ ಸಂಜೆಯೇ ಫೋನ್ ಮಾಡಿದೆ. “ಮುಟ್ಟಬೇಡ. ಮೊದಲು ಬುಡದಿಂದ ತಲೆಯ ತನಕ ಬಡಿದು ಸದ್ದು ಕೇಳು. ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡು. ಮೆತ್ತಗೆ ಒಳಗೆ ಹೋದರೆ ಹೇಳು” ಎಂದೆ.

“ಇಪ್ಪತ್ತೆಂಟು ವರ್ಷ ಬಿಟ್ಟು ಬುದ್ಧಿ ಬಂತಾ ಅಣ್ಣಯ್ಯ?” ಎಂದು ಅವನು ನಕ್ಕ.

ವಾರ ಬಿಟ್ಟು ಅವನೇ ಫೋನ್ ಮಾಡಿದ. ಒಂದು ಕಂಬ ಗಂಟೆಯ ಹಾಗೆ ಸದ್ದು ಕೊಡುತ್ತಿದೆ. ಇನ್ನೊಂದರ ಬುಡದಲ್ಲಿ ಒಂದು ಗೇಣಿನಷ್ಟು ಗೆದ್ದಲು ತಿಂದಿದೆ, ಮೇಲೆಲ್ಲ ಗಟ್ಟಿ. ಆ ಕಣಜದಲ್ಲಿ ಕೊಳೆತ ಬುಡವನ್ನಷ್ಟೇ ಕೊಯ್ದು ಹೊಸ ಮರ ಕೂಡಿಸಿ ಉಳಿಸಿಕೊಂಡದ್ದನ್ನು ನಾನು ನೋಡಿದ್ದೆ. ಹಾಗೆಯೇ ಮಾಡಿಸು, ಕೆಳಗಿನ ಕಲ್ಲನ್ನೂ ಸ್ವಲ್ಪ ಎತ್ತರಿಸು ಎಂದೆ. ನಮ್ಮ ಹಿರಿಯ ಆಚಾರ್ರು ಈಗಿಲ್ಲ. ಕೆಲಸ ಒಪ್ಪಿಕೊಂಡವರು ಅವರ ಮಗ.

ಫೋನ್ ಇಡುವ ಮುಂಚೆ ತಮ್ಮ ಇನ್ನೊಂದು ಮಾತು ಹೇಳಿದ. ಧೂಳು ಒರೆಸಲು ಏಣಿ ಹತ್ತಿದಾಗ, ಕಂಬ ತೊಲೆಗೆ ಸೇರುವ ಕಡೆ ಉಳಿಯಿಂದ ಕೊರೆದ ಗೆರೆಗಳು ಕಂಡವಂತೆ. ನಾವು ಯಾರೂ ಇಷ್ಟು ವರ್ಷ ನೋಡಿರಲಿಲ್ಲ.

“ಒಂದರ ಮೇಲೆ ಐದು ಗೆರೆ ಇದೆ ಅಣ್ಣಯ್ಯ. ಇನ್ನೊಂದರ ಮೇಲೆ ಆರು.”